ಬೇಲಿ ಬಿಡಿ, ಬಾನು ಹಿಡಿಯಿರಿ

ಬೀದರ್, ಭಾಲ್ಕಿ, ಔರಾದ್ ಸೀಮೆಯ ಕ್ಯಾಮೆರಾ ಗೆಳೆಯರಿಗೆ: ಸ್ಟುಡಿಯೋ ಇಟ್ಟವರಿಗೆ, ಮದುವೆ ಶೂಟಿಂಗ್ ಮಾಡುವವರಿಗೆ, ಪತ್ರಿಕೆಗಳಿಗೆ ಚಿತ್ರ ಕಳಿಸುವವರಿಗೆ, ಕಾಲೇಜು ಬಿಟ್ಟ ಕೂಡಲೇ ಮೊಬೈಲ್ ಹಿಡಿದು ಮಾಳಿಗೆ ಹತ್ತುವ ಹುಡುಗ ಹುಡುಗಿಯರಿಗೆ,



ವಾಯುಪಡೆಯ ಹಾಕ್ ತರಬೇತಿ ವಿಮಾನದ ಸದ್ದಿಗೆ ಬೀದರಿನವರು ತಲೆ ಎತ್ತುವುದಿಲ್ಲ. ಬೇರೆ ಊರಿನಿಂದ ಬಂದ ನೆಂಟರು ಮಾತು ಅರ್ಧಕ್ಕೇ ಬಿಟ್ಟು ಕಿಟಕಿಗೆ ಓಡುತ್ತಾರೆ. ನಾವು ಸದ್ದು ದಾಟುವ ತನಕ ಸುಮ್ಮನಿದ್ದು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತೇವೆ. ಈಚೆಗೆ ನಿಮ್ಮಲ್ಲಿ ಕೆಲವರು ತಲೆ ಎತ್ತಿದ್ದೀರಿ, ಜೊತೆಗೆ ಕ್ಯಾಮೆರಾವನ್ನೂ ಎತ್ತಿದ್ದೀರಿ. ಸಂತೋಷ. ಆದರೆ ನಿಮ್ಮ ಚಿತ್ರಗಳನ್ನು ನೋಡಿದಾಗ ಎರಡು ವಿಷಯಕ್ಕೆ ಜೀವ ಕಸಿವಿಸಿಯಾಗುತ್ತದೆ. ಒಂದು, ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ನಿಮ್ಮ ಚಿತ್ರದಲ್ಲಿ ನೀಲಿ ಹಾಳೆಗೆ ಅಂಟಿಸಿದ ಸ್ಟಿಕರ್ ಹಾಗೆ ನಿಂತುಬಿಟ್ಟಿರುತ್ತದೆ. ಅದು ಬೀದರೋ ಬೆಂಗಳೂರಿನ ಯಲಹಂಕವೋ ಹೇಳುವವರೇ ಇಲ್ಲ. ಇನ್ನೊಂದು, ಇದು ಬೀದರ್ ಎಂದು ತೋರಿಸುವ ಉಮೇದಿನಲ್ಲಿ ಕೆಲವರು ವಾಯುಪಡೆ ನೆಲೆಯ ಬೇಲಿಗೇ ಲೆನ್ಸ್ ಆನಿಸುತ್ತೀರಿ. ಮೊದಲನೆಯದು ಚಿತ್ರದ ದೋಷ, ಎರಡನೆಯದು ಕಾನೂನಿನ ತೊಡಕು. ಎರಡಕ್ಕೂ ಮದ್ದು ಒಂದೇ ಎನ್ನುವುದು ನನ್ನ ವಾದ. ಬೇಲಿಯಿಂದ ದೂರ ಬನ್ನಿ. ಊರೊಳಗೆ, ಹೊಲದೊಳಗೆ ನಿಲ್ಲಿ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 1923ರ ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ವಾಯುಪಡೆಯ ನೆಲೆ ‘ನಿಷೇಧಿತ ಸ್ಥಳ’. ದೇಶದ ಸುರಕ್ಷತೆಗೆ ಧಕ್ಕೆಯಾಗುವ ಉದ್ದೇಶದಿಂದ ಅಂಥ ಸ್ಥಳದ ಹತ್ತಿರ ಸುಳಿಯುವುದೂ ಅದರ ನಕ್ಷೆ ತೆಗೆಯುವುದೂ ಅಪರಾಧ. ನಿಮಗೆ ಅಂಥ ಉದ್ದೇಶ ಕನಸಿನಲ್ಲೂ ಇಲ್ಲ, ಒಪ್ಪಿದೆ. ಆದರೆ ಅದನ್ನು ಠಾಣೆಯ ಬೆಂಚಿನ ಮೇಲೆ ಕೂತು, ಫೋನು ಅವರ ಕೈಗೆ ಕೊಟ್ಟು ವಿವರಿಸುವ ಹೊತ್ತು ಯಾರಿಗೂ ಬರಬಾರದು. ಪ್ರಯಾಣಿಕರ ವಿಷಯವೂ ಇದೇ. ಬೀದರಿಗೆ 2020ರ ಫೆಬ್ರವರಿ 7ರಂದು ಬೆಂಗಳೂರಿನಿಂದ ಟ್ರೂಜೆಟ್ ವಿಮಾನ ಬಂದಾಗ ಊರಿಗೆ ಊರೇ ಹಿಗ್ಗಿತ್ತು. ಆದರೆ ನಮ್ಮ ನಾಗರಿಕ ವಿಮಾನ ಇಳಿಯುವುದು ವಾಯುಪಡೆಯ ರನ್‌ವೇ ಮೇಲೆ ಎಂಬುದನ್ನು ಮರೆಯಬೇಡಿ. ಇಳಿಯುವಾಗ, ಏರುವಾಗ ಕಿಟಕಿಯಿಂದ ಚಿತ್ರ ತೆಗೆಯಬಾರದೆಂದು ಹೇಳಿದರೆ ಮೊಬೈಲ್ ಜೇಬಿಗೆ ಹಾಕಿ. ಡ್ರೋನ್ ಇಟ್ಟುಕೊಂಡ ಮದುವೆ ಶೂಟಿಂಗಿನವರಿಗೆ ಇನ್ನೂ ಒಂದು ಮಾತು. 2021ರ ಡ್ರೋನ್ ನಿಯಮಗಳಲ್ಲಿ ಕೆಂಪು, ಹಳದಿ, ಹಸಿರು ಎಂಬ ವಲಯಗಳಿವೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಡ್ರೋನ್ ಎಬ್ಬಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಕಲ್ಯಾಣ ಮಂಟಪ ಯಾವ ಬಣ್ಣದಲ್ಲಿದೆ ನೋಡಿ, ಆಮೇಲೆ ಮುಂಗಡ ತಗೊಳ್ಳಿ. ಇಲ್ಲಿ ಆಕಾಶದಲ್ಲಿ ವಿಮಾನ ಕಲಿಯುವ ಹುಡುಗರು ಇರುತ್ತಾರೆ. ನಿಮ್ಮ ಡ್ರೋನ್ ಅವರಿಗೆ ಹದ್ದಿಗಿಂತ ಅಪಾಯ.

ಇಷ್ಟು ಬಿಗಿ ಏಕೆ ಎಂದು ಗೊಣಗುವವರಿಗೆ ನಮ್ಮ ಊರಿನದೇ ಒಂದು ಕಥೆ ಹೇಳಬೇಕು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನಿದ್ದ. ಎರಡನೇ ಮಹಾಯುದ್ಧಕ್ಕೆ ತುಸು ಮುಂಚೆ, 1939ರಲ್ಲಿ, ವ್ಯಾಪಾರಿಯ ಸೋಗಿನಲ್ಲಿ ಲಾಕ್‌ಹೀಡ್ ವಿಮಾನವೊಂದರಲ್ಲಿ ಜರ್ಮನಿಯ ಮೇಲೆ ಓಡಾಡಿದ. ವಿಮಾನದ ಹೊಟ್ಟೆಯೊಳಗೆ ಕ್ಯಾಮೆರಾಗಳನ್ನು ಅಡಗಿಸಿದ್ದ. ಎತ್ತರದ ಚಳಿಗೆ ಲೆನ್ಸ್ ಮಂಜು ಹಿಡಿಯದಿರಲಿ ಎಂದು ಬೆಚ್ಚನೆ ಗಾಳಿ ಹಾಯುವಂತೆ ಮಾಡಿಕೊಂಡಿದ್ದ. ಆ ಯುದ್ಧಕಾಲದ ಬ್ರಿಟಿಷ್ ವೈಮಾನಿಕ ಬೇಹುಗಾರಿಕೆ ಛಾಯಾಗ್ರಹಣಕ್ಕೆ ದಾರಿ ಹಾಕಿದವರಲ್ಲಿ ಅವನೂ ಒಬ್ಬ. ಅದೇ ಮನುಷ್ಯ 1948ರಲ್ಲಿ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಹೈದರಾಬಾದಿನ ನಿಜಾಮನಿಗೆ ಬಂದೂಕು, ಮದ್ದುಗುಂಡು ಸಾಗಿಸಿದ. ಆ ವಿಮಾನಗಳು ಕತ್ತಲಲ್ಲಿ ಬಂದು ಇಳಿಯುತ್ತಿದ್ದ ಜಾಗಗಳಲ್ಲಿ ನಮ್ಮ ಬೀದರ್ ಒಂದು, ವಾರಂಗಲ್ ಇನ್ನೊಂದು. ಆ ವರ್ಷದ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಭಾರತೀಯ ವಾಯುಪಡೆ ಈ ವಿಮಾನದಾಣಗಳ ಮೇಲೇ ಬಾಂಬು ಹಾಕಿತು. ವಿಮಾನದಾಣದ ಒಂದು ಚಿತ್ರಕ್ಕೆ ಬೆಲೆ ಎಷ್ಟೆಂದು ಕಾಟನ್‌ನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ವಿಮಾನ ಇಳಿದ ಊರಿನವರಾದ ನಮಗೂ ಹೇಳಿಕೊಡಬೇಕಾಗಬಾರದು.

ಇನ್ನು ನಮ್ಮ ಕಸುಬು.

ವಿಮಾನದ ಚಿತ್ರ ತೆಗೆಯುವವನಿಗೆ ಕಿವಿ ಮೋಸ ಮಾಡುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 2 ಕಿಲೋಮೀಟರ್ ದೂರದ ಹಾಕ್‌ನ ಸದ್ದು ನಿಮ್ಮನ್ನು ಮುಟ್ಟಲು ಆರು ಸೆಕೆಂಡು ಬೇಕು. ಅಷ್ಟರಲ್ಲಿ ಆ ವಿಮಾನ ಹತ್ತಿರ ಹತ್ತಿರ 1 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ಲೆನ್ಸ್ ತಿರುಗಿಸಿದರೆ ಸಿಗುವುದು ಖಾಲಿ ಆಕಾಶ. ನಮ್ಮ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು ಸದ್ದಿಗಿಂತ ಮುಂದೆ ನೋಡುತ್ತಾರೆ, ಗಮನಿಸಿದ್ದೀರಾ? ದಿನಾ ಕೇಳಿ ಕೇಳಿ ಬಂದ ಅಂದಾಜು ಅದು. ಅದನ್ನು ಕಲಿಯಿರಿ. ಮೊದಲು ಬರಿಗಣ್ಣಿನಿಂದ ಹುಡುಕಿ, ಕಣ್ಣು ಕೀಳದೆ ಕ್ಯಾಮೆರಾವನ್ನು ಕಣ್ಣಿನ ದಾರಿಗೆ ತನ್ನಿ. ವ್ಯೂಫೈಂಡರ್‌ನಲ್ಲೇ ಹುಡುಕಲು ಹೊರಟರೆ 400 ಮಿಲಿಮೀಟರ್ ಲೆನ್ಸಿನಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಆಮೇಲೆ ಪ್ಯಾನಿಂಗ್. ಪಾದ ಊರಿ, ಮೊಣಕೈಗಳನ್ನು ಎದೆಗೆ ಒತ್ತಿ, ಸೊಂಟದಿಂದ ಮೇಲಕ್ಕೆ ಮಾತ್ರ ತಿರುಗಬೇಕು. ವಿಮಾನ ಬರುವ ಮೊದಲೇ ತಿರುಗಲು ಶುರು ಮಾಡಿ, ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಿ. ಒತ್ತಿದ ಕ್ಷಣ ಗಕ್ಕನೆ ನಿಲ್ಲುವುದೇ ಹೆಚ್ಚಿನವರ ರೋಗ. ಇದರ ಅಭ್ಯಾಸಕ್ಕೆ ವಿಮಾನ ಬೇಡ. ಭಾಲ್ಕಿ ರಸ್ತೆಯ ಬದಿಯಲ್ಲಿ ಮರದ ನೆರಳಿಗೆ ನಿಂತು ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ಹಿಡಿಯಿರಿ. ಶಟರ್ ಸೆಕೆಂಡಿನ 60ನೇ ಒಂದು ಭಾಗಕ್ಕಿಡಿ. ಚಿತ್ರದಲ್ಲಿ ಬಸ್ಸಿನ ಪಕ್ಕದ ಬೋರ್ಡಿನ ಮೇಲೆ ಊರಿನ ಹೆಸರು ಓದಲು ಬರಬೇಕು, ಚಕ್ರ ತಿರುಗುತ್ತಿರಬೇಕು, ಹಿಂದಿನ ಬೇವಿನಮರ ಗೆರೆಗೆರೆಯಾಗಿ ಹರಿದಿರಬೇಕು. ಇವು ಮೂರೂ ಬಂದ ದಿನ ನೀವು ಹಾಕ್‌ಗೆ ತಯಾರು.

ಜೆಟ್ ವಿಮಾನದ್ದು ಒಂದು ತಕರಾರು. ಅದಕ್ಕೆ ಹೊರಗೆ ತಿರುಗುವ ಭಾಗವೇ ಇಲ್ಲ. ಸೆಕೆಂಡಿನ 1000ನೇ ಒಂದು ಭಾಗದಲ್ಲಿ ಹಿಡಿದರೆ ಅದು ಚೂಪಾಗಿ ಬರುತ್ತದೆ, ಸತ್ತಂತೆಯೂ ಬರುತ್ತದೆ. ಬರೀ ಆಕಾಶದಲ್ಲಿ ವೇಗಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಹೊಗೆ ಬಿಡುವ, ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡವಾದರೆ ಹೊಗೆಯೇ ಸಾಕ್ಷಿ. ಇಂಜಿನ್ನಿನ ಬಿಸಿ ಗಾಳಿಗೆ ಡೀಸೆಲ್ ಬಿಟ್ಟು ಮಾಡುವ ಆ ಹೊಗೆ ವಿಮಾನ ಬಂದ ದಾರಿಯನ್ನು ಗೆರೆ ಎಳೆದು ತೋರಿಸುತ್ತದೆ. ಉಳಿದ ದಿನ ಸಾಕ್ಷಿ ನೆಲದಲ್ಲೇ ಹುಟ್ಟಬೇಕು. ಇಲ್ಲಿಯೇ ಊರು ಬೇಕಾಗುವುದು.

ಅಷ್ಟೂರಿಗೆ ಹೋಗಿ. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಹುಮಾಯೂನ್‌ನದು ಸಿಡಿಲಿಗೆ ಸೀಳಿ ಅರ್ಧ ಗುಮ್ಮಟ ಮಾತ್ರ ನಿಂತಿದೆ. ಆ ಒಡಕಿನ ಒಳಗೆ ನಿಂತು ಮೇಲೆ ನೋಡಿದರೆ ಇಟ್ಟಿಗೆಯ ದಪ್ಪ ಅಂಚು, ಅದರಾಚೆ ಆಕಾಶ. ಈಗ ಮಾಮೂಲು ಲೆಕ್ಕವನ್ನು ತಿರುಗಿಸಿ ನೋಡಿ. ಕ್ಯಾಮೆರಾ ಅಲುಗಿಸಬೇಡಿ. ಅಪರ್ಚರ್ ಸಣ್ಣದು ಮಾಡಿ, ಬೇಕಿದ್ದರೆ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಸಿ. ಅಷ್ಟರಲ್ಲಿ ಹಾಕ್ ಐದು ಮೀಟರಿಗೂ ಹೆಚ್ಚು ಸರಿದಿರುತ್ತದೆ. ವಿಮಾನದ ಉದ್ದವೇ ಹನ್ನೆರಡು ಮೀಟರಿನಷ್ಟು. ಐನೂರು ವರ್ಷ ದಾಟಿದ ಗುಮ್ಮಟ ಕಡೆದಿಟ್ಟಂತೆ ಬರುತ್ತದೆ, ವಿಮಾನ ಎಳೆದ ಗೆರೆಯಾಗಿ ಬರುತ್ತದೆ. ಇದು ಯಲಹಂಕದಲ್ಲಿ ಸಿಗುವುದಿಲ್ಲ. ಒಳಗೆ ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯವರ ಅನುಮತಿ ಕೇಳಿ. ಇಲ್ಲದಿದ್ದರೆ ಗೋಡೆಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿಯಿರಿ. ಮಹಮೂದ್ ಗವಾನ್ ಮದರಸಾದ ಉಳಿದ ಮಿನಾರು, ಚೌಬಾರಾ ಗೋಪುರ, ಇವೂ ಇವೆ. ಕ್ಯಾಪ್ಶನ್ ಬರೆಯುವಾಗ ಮಾತ್ರ ಆಕಾಶದ ಹೊಗೆಗೆರೆಯನ್ನು ಬಿದರಿ ಕಲೆಯ ಬೆಳ್ಳಿಗೆ ಹೋಲಿಸುವುದನ್ನು ಇನ್ನಾದರೂ ಬಿಡೋಣ. ಸಾಕಾಗಿದೆ.

ಭಾಲ್ಕಿ ಕಡೆಯವರಿಗೆ ಕಾರಂಜಾ ಹಿನ್ನೀರಿದೆ, ಕಬ್ಬಿದೆ. ಔರಾದಿನವರಿಗೆ ತೊಗರಿ ರಾಶಿ ಇದೆ, ಕಪ್ಪು ಎರೆಭೂಮಿ ಇದೆ. ರಾಶಿ ಮಾಡುವವರ ತಲೆಯ ಮೇಲೆ ತರಬೇತಿ ವಿಮಾನ ಹಾದುಹೋಗುವಾಗ ಅದು ಚಿತ್ರದಲ್ಲಿ ಬೆರಳುಗುರಿನಷ್ಟೇ ಇರಲಿ, ಪರವಾಗಿಲ್ಲ. ವಿಮಾನ ಫ್ರೇಮ್ ತುಂಬ ಇರಬೇಕೆಂಬ ಹಟವೇ ನಿಮ್ಮನ್ನು ಬೇಲಿಯತ್ತ ತಳ್ಳುತ್ತಿರುವುದು.

ಔರಾದಿನವರಿಗೆ ಇನ್ನೊಂದು ಭಾಗ್ಯ. ನಕ್ಷೆಯಲ್ಲಿ ದೆಹಲಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದು ನೋಡಿ, ಅದು ಔರಾದ್ ತಾಲ್ಲೂಕು ದಾಟಿ ಬೀದರಿನ ನೆತ್ತಿಯ ಮೇಲೇ ಹಾಯುತ್ತದೆ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ದಿನಗಳಲ್ಲಿ ದೊಡ್ಡ ವಿಮಾನಗಳು ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಬಿಳಿ ಗೆರೆ ಬಿಟ್ಟು ಹೋಗುವುದನ್ನು ಹುಡುಕಿ. ಇಂಜಿನ್ನಿನಿಂದ ಬಂದ ನೀರಾವಿ ಅಲ್ಲಿನ ಕೊರೆವ ಚಳಿಗೆ ಹರಳಾಗುವುದೇ ಆ ಗೆರೆ. ಗೆರೆ ಬೇಗ ಅಳಿಸಿದರೆ ಮೇಲಿನ ಗಾಳಿ ಒಣಗಿದೆ ಎಂದರ್ಥ, ಹರಡಿ ಉಳಿದರೆ ತೇವ ಇದೆ ಎಂದರ್ಥ. 37 ಮೀಟರ್ ಉದ್ದದ ಏರ್‌ಬಸ್ ಎ320 ಅಷ್ಟು ದೂರದಿಂದ 400 ಮಿಲಿಮೀಟರ್ ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಒಂದೂವರೆ ಮಿಲಿಮೀಟರೂ ಆಗುವುದಿಲ್ಲ. ಲಕ್ಷ ರೂಪಾಯಿಯ ಲೆನ್ಸ್ ಇಲ್ಲ ಎಂದು ಕೊರಗಬೇಡಿ. ಆ ಬಿಳಿ ಗೆರೆಗೂ ನಿಮ್ಮೂರ ನೀರಿನ ಟ್ಯಾಂಕಿಗೂ ಒಂದು ಸಂಬಂಧ ಹುಡುಕಿದರೆ ಸಾಧಾರಣ ಮೊಬೈಲಿನಲ್ಲೂ ಒಳ್ಳೆಯ ಚಿತ್ರವಾಗುತ್ತದೆ.

ಬೆಳಕಿನ ಬಗ್ಗೆ ಚುಟುಕಾಗಿ. ಬಿಳುಪು ಆಕಾಶ ನೋಡಿ ಕ್ಯಾಮೆರಾ ಹೆದರುತ್ತದೆ, ವಿಮಾನವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ. ಬಿಸಿಲಿನಲ್ಲಿ ಬಿಳಿ ಹೊಗೆ ಇದ್ದರೆ ಏರಿಸಬೇಡಿ, ಹೊಗೆ ಸುಣ್ಣವಾಗಿಬಿಡುತ್ತದೆ. ಮಧ್ಯಾಹ್ನದ ಕಾದ ನೆಲದಿಂದ ಏಳುವ ಗಾಳಿಯ ನಡುಕವನ್ನು ಯಾವ ಲೆನ್ಸೂ ಗೆಲ್ಲುವುದಿಲ್ಲ. ಬೆಳಿಗ್ಗೆ ಬೇಗ ಏಳಿ.

ಹೆಲಿಕಾಪ್ಟರ್ ಬೇರೆಯದೇ ಜಾತಿ. ಅದರಲ್ಲಿ ಚಲನೆ ಹುಡುಕಬೇಕಿಲ್ಲ, ತಲೆಯ ಮೇಲೇ ತಿರುಗುತ್ತಿರುತ್ತದೆ. ಆದರೂ ಅದನ್ನು ಕೊಲ್ಲುವುದರಲ್ಲಿ ನೀವು ನಿಸ್ಸೀಮರು. ಬೆಂಗಳೂರಿನ ಎಚ್‌ಎಎಲ್ ಮಾಡಿದ ಧ್ರುವ್‌ಗೆ ನಾಲ್ಕು ರೆಕ್ಕೆಪಟ್ಟಿ. ನಿಮಿಷಕ್ಕೆ ಸುಮಾರು ಮುನ್ನೂರು ಸುತ್ತು ಎಂದು ಹಿಡಿಯೋಣ. ಸೆಕೆಂಡಿನ 1000ನೇ ಒಂದು ಭಾಗದಲ್ಲಿ ಪಟ್ಟಿ ಎರಡು ಡಿಗ್ರಿಯೂ ತಿರುಗುವುದಿಲ್ಲ. ಹಾಗಾಗಿ ಚಿತ್ರದಲ್ಲಿ ಇಂಜಿನ್ ಕೆಟ್ಟು ಗಾಳಿಯಲ್ಲಿ ನಿಂತ ಯಂತ್ರ ಕಾಣುತ್ತದೆ. 125ನೇ ಒಂದು ಭಾಗಕ್ಕೆ ಬಂದರೆ ಹದಿನಾಲ್ಕು ಡಿಗ್ರಿ, 60ನೇ ಒಂದು ಭಾಗಕ್ಕೆ ಮೂವತ್ತು ಡಿಗ್ರಿ. ಪಟ್ಟಿಗಳು ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತವೆ. ಮೈ ಚೂಪಾಗಿ ಬರಬೇಕಾದರೆ ಕೈ ಗಟ್ಟಿ ಇರಬೇಕು. ಹತ್ತು ತೆಗೆದರೆ ಒಂಬತ್ತು ಕೆಡುತ್ತವೆ, ಕೆಡಲಿ. ಆ ಬಸ್ಸಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊಬೈಲಿನಲ್ಲಿ ಪ್ರೊಪೆಲ್ಲರ್ ಬಾಳೆಕಾಯಿಯಾಗಿ ಬಾಗಿ ಬರುವುದನ್ನು ನೋಡಿ ಫೋನು ಕೆಟ್ಟಿದೆ ಎಂದು ರಿಪೇರಿಗೆ ಒಯ್ದವರೂ ಇರಬಹುದು. ಕೆಟ್ಟಿಲ್ಲ. ಮೊಬೈಲಿನ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ನೋಡುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಬೇರೆ ಜಾಗದಲ್ಲಿರುತ್ತದೆ. ಈ ಚೇಷ್ಟೆ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಜಾಕ್ ಆನ್ರಿ ಲಾರ್ತಿಗ್ ಎಂಬ ಫ್ರೆಂಚ್ ಯುವಕ ರೇಸ್ ಕಾರೊಂದನ್ನು ತೆಗೆದಾಗ ಅದರ ಚಕ್ರ ಮೊಟ್ಟೆಯಾಕಾರದಲ್ಲಿ ಮುಂದಕ್ಕೆ ವಾಲಿತ್ತು, ನಿಂತು ನೋಡುವವರು ಹಿಂದಕ್ಕೆ ವಾಲಿದ್ದರು. ಅವನ ಕ್ಯಾಮೆರಾದ ಶಟರ್ ಒಂದು ಸೀಳಿನ ಹಾಗೆ ಪ್ಲೇಟಿನ ಮೇಲೆ ಸರಿಯುತ್ತಿತ್ತು, ಕಾರಣ ಅಷ್ಟೆ. ವೇಗದ ಚಿತ್ರ ಎಂದರೆ ಇಂದಿಗೂ ಜಗತ್ತು ಅದನ್ನೇ ತೋರಿಸುತ್ತದೆ. ಸೊಟ್ಟ ಬಂದಿದೆ ಎಂದು ಅಳಿಸುವ ಮುನ್ನ ಒಂದು ಸಲ ನೋಡಿ.

ಭಾಲ್ಕಿ, ಔರಾದಿನಲ್ಲಿ ಹೆಲಿಕಾಪ್ಟರ್ ಹತ್ತಿರದಿಂದ ಸಿಗುವುದು ಚುನಾವಣೆಗೆ. ಯಾವುದೋ ಕಾಲೇಜು ಮೈದಾನದಲ್ಲಿ ಸುಣ್ಣದ ವೃತ್ತ, ನಡುವೆ ಎಚ್ ಅಕ್ಷರ, ಸುತ್ತ ಬಿದಿರು ಕಟ್ಟಿದ ಬ್ಯಾರಿಕೇಡು. ಅಲ್ಲಿ ಗಾಳಿ ನೋಡಿ ನಿಲ್ಲಿ. ಹೆಲಿಕಾಪ್ಟರ್ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ನಿಂತರೆ ಅದರ ಮುಖ ನಿಮ್ಮತ್ತ ಬರುತ್ತದೆ, ಧೂಳು ಅತ್ತ ಹೋಗುತ್ತದೆ. ಏರುವಾಗಲೂ ನಿಮ್ಮ ಕಡೆಗೇ ಏರುವುದರಿಂದ ನೇರ ದಾರಿಯಲ್ಲಿ ನಿಲ್ಲದೆ ತುಸು ಓರೆಗೆ ಸರಿಯಿರಿ. ಬಾಲದ ಸಣ್ಣ ರೆಕ್ಕೆ ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ, ಪೂರ್ತಿ ನಿಲ್ಲುವ ತನಕ ಆ ಕಡೆ ಹೋಗುವ ಯೋಚನೆ ಬೇಡ. ತಲೆಯ ಟೋಪಿ, ಕೊರಳ ಶಲ್ಯ, ಕ್ಯಾಮೆರಾದ ಪ್ಲಾಸ್ಟಿಕ್ ಕವರು ಎಲ್ಲ ಚೀಲದೊಳಗೆ. 2023ರ ಮಾರ್ಚ್ 6ರಂದು ಪಕ್ಕದ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯಲು ಬಂದಾಗ ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಕಸ ಎದ್ದು ಹಾರಾಡಿ ಪೈಲಟ್ ಮತ್ತೆ ಮೇಲಕ್ಕೇರಿಸಬೇಕಾಯಿತು. ಅದೇ ವರ್ಷ ಮೇ 2ರಂದು ಹೊಸಕೋಟೆ ಹತ್ತಿರ ಡಿ.ಕೆ. ಶಿವಕುಮಾರ್ ಇದ್ದ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಹದ್ದು ಬರುವುದು ಕಸಕ್ಕೆ, ಮಾಂಸದ ತ್ಯಾಜ್ಯಕ್ಕೆ. ನಮ್ಮ ಊರಿನ ಹೊರವಲಯದ ತಿಪ್ಪೆಗಳ ಚಿತ್ರವನ್ನೂ ಯಾರಾದರೂ ತೆಗೆದು ಸ್ಥಳೀಯ ಆಡಳಿತಕ್ಕೆ ಕಳಿಸಿದರೆ ಅದೂ ವೈಮಾನಿಕ ಛಾಯಾಗ್ರಹಣವೇ ಎಂದು ನಾನು ಒಪ್ಪುತ್ತೇನೆ.

ಒಂದು ಕಹಿ ಮಾತು. ಸೂರ್ಯಕಿರಣ ತಂಡ 1996ರಲ್ಲಿ ಬೀದರಿನಲ್ಲೇ ಹುಟ್ಟಿತು, ಎಚ್‌ಎಎಲ್‌ನ ಕಿರಣ್ ವಿಮಾನಗಳೊಂದಿಗೆ. 2006ರ ಮಾರ್ಚ್ 18ರಂದು ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಇಲ್ಲಿಯೇ ತೀರಿಕೊಂಡರು. 2009ರ ಜನವರಿ 21ರಂದು ವಿಂಗ್ ಕಮಾಂಡರ್ ಧಾಲಿವಾಲ್. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಏರ್ ಶೋಗೆ ಮುಂಚಿನ ತಾಲೀಮಿನಲ್ಲಿ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ. ರೆಕ್ಕೆಗೆ ರೆಕ್ಕೆ ಕೆಲವೇ ಮೀಟರ್ ಅಂತರದಲ್ಲಿ ಹಾರುವ ಕಸುಬು ಅದು. ದೇವರ ದಯೆಯಿಂದ ನಿಮ್ಮ ಕಣ್ಣೆದುರು ಅಂಥದ್ದು ಆಗದಿರಲಿ. ಒಂದು ವೇಳೆ ಆದರೆ, ಮೊದಲು 112ಕ್ಕೆ ಕರೆ ಮಾಡಿ. ನಿಮ್ಮ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದ್ದರೆ ಮೂಲ ಫೈಲನ್ನು ಕತ್ತರಿಸದೆ, ಹಾಡು ಸೇರಿಸದೆ ಪೊಲೀಸರಿಗೆ ಇಲ್ಲವೇ ವಾಯುಪಡೆಯವರಿಗೆ ಕೊಡಿ. ತನಿಖೆಗೆ ಅದು ಬಂಗಾರ. ಸ್ಟೇಟಸ್‌ಗೆ ಹಾಕಬೇಡಿ. ಸುದ್ದಿ ಅಧಿಕೃತವಾಗಿ ಮನೆ ಮುಟ್ಟುವ ಮುಂಚೆ ಆ ಪೈಲಟ್‌ನ ಹೆಂಡತಿ ನಿಮ್ಮ ಸ್ಟೇಟಸ್ ನೋಡಬಾರದು. ಈ ವಿಷಯದಲ್ಲಿ ನನಗೆ ಇನ್ನೊಂದು ಅಭಿಪ್ರಾಯವೇ ಇಲ್ಲ.

ಕೊನೆಗೆ ಸ್ಟುಡಿಯೋ ಮಾಲೀಕರಲ್ಲಿ, ಹಿರಿಯರಲ್ಲಿ ಒಂದು ಬಿನ್ನಹ. 2011ರ ಫೆಬ್ರವರಿಯ ಏರೋ ಇಂಡಿಯಾ ಮುಗಿದ ಮೇಲೆ ಕಿರಣ್‌ಗಳ ಸೂರ್ಯಕಿರಣ ನಿಂತುಹೋಯಿತು. ನಾಲ್ಕು ವರ್ಷದ ನಂತರ ತಂಡ ಮತ್ತೆ ಎದ್ದಾಗ ಬಂದದ್ದು ಹಾಕ್. ಮೊದಲಿನ ಆ ಹದಿನೈದು ವರ್ಷಗಳ ಬಹುಪಾಲು ರೀಲಿನ ಕಾಲ. ಮದುವೆ ರೀಲಿನಲ್ಲಿ ಉಳಿದ ಕೊನೆಯ ಎರಡು ಫ್ರೇಮನ್ನು ಮಾಳಿಗೆಯಿಂದ ಆಕಾಶಕ್ಕೆ ಹೊಡೆದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬದಲ್ಲಿ ಬೂಷ್ಟು ಹಿಡಿಯುತ್ತಿರಬಹುದು. ದಯವಿಟ್ಟು ಹುಡುಕಿ ಸ್ಕ್ಯಾನ್ ಮಾಡಿಸಿ. ನೆಲೆಯ ಕಟ್ಟಡ, ರನ್‌ವೇ ಬಿದ್ದಿರುವುದನ್ನು ಬದಿಗಿಡಿ. ಉಳಿದವುಗಳ ಪ್ರಿಂಟಿನ ಹಿಂದೆ ಊರು, ವರ್ಷ, ಯಾರ ಮಾಳಿಗೆ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಅಷ್ಟಾದ ಮೇಲೆ ಬೀದರ್, ಭಾಲ್ಕಿ, ಔರಾದ್ ಮೂರೂ ಊರಿನ ಹುಡುಗರನ್ನು ಸೇರಿಸಿ ಒಂದು ಪ್ರದರ್ಶನ ಇಡೋಣ. ಗೋಡೆ, ಮೊಳೆ, ಚಹಾ ನನ್ನ ಜವಾಬ್ದಾರಿ.

ನಿಮ್ಮವನೇ ಆದ,
ಬೀದರಿನ ಒಬ್ಬ ಹಳೇ ಕ್ಯಾಮೆರಾದವ